ಜವಳಗಿರಿ ಯಜಮಾನರ ಕಿವಿಗೆ ಇಟ್ಟ ತಕ್ಕಡಿ

ಒಳಕಿವಿ ಕೆಟ್ಟರೆ ಮನುಷ್ಯ ನಿಂತಲ್ಲೇ ಆಯತಪ್ಪುತ್ತಾನೆ. ಅಂಥವರ ಕಿವಿಯೊಳಗೆ ಇಡುವ ಯಂತ್ರವನ್ನು ಹೊಸೂರಿನ ಒಂದು ಶೆಡ್ಡಿನಲ್ಲಿ ನಾವು ನಾಲ್ಕು ಜನ ಇಂಜಿನಿಯರುಗಳು ಮಾಡುತ್ತೇವೆ. ಕೆಲಸವೇನೋ ಗಂಭೀರದ್ದೇ. ಆದರೆ ನಗದೆ ಮನೆಗೆ ಹೋದ ದಿನ ನನಗಂತೂ ನೆನಪಿಲ್ಲ.

ತಿರುಗುವ ಕುರ್ಚಿ

ರೋಗಿಯನ್ನು ಕೂರಿಸಿ ಮೆಲ್ಲಗೆ ತಿರುಗಿಸಿ, ಕಣ್ಣು ಹೇಗೆ ಹೊರಳುತ್ತದೆಂದು ನೋಡಲು ಒಂದು ಕುರ್ಚಿ ತರಿಸಿದೆವು. ಅದು ಬಂದ ದಿನವೇ ಕೆಲಮಂಗಲದಿಂದ ಅಮ್ಮನೂ ಬಂದಿದ್ದಳು. "ನನ್ನೂ ಒಂದ್ಸಲ ಕೂರ್ಸೇ" ಎಂದಳು. ಎರಡು ಸುತ್ತು ಹಾಕಿಸಿ ಇಳಿಸಿದೆ. ಗೋಡೆ ಹಿಡಿದುಕೊಂಡು ಸುಧಾರಿಸಿಕೊಂಡು ಹೇಳಿದಳು:

"ತಲೆ ಸುತ್ತು ಬರ್ಸಕ್ಕೆ ಇಷ್ಟು ದೊಡ್ಡ ಮಿಷನ್ನಾ? ನಿಮ್ಮಪ್ಪ ಬರೀ ಬಾಯಲ್ಲೇ ಬರುಸ್ತಾರಲ್ಲೇ!"

ತೊಟ್ಟೂ ಮುಟ್ಟದವರು

ನಮ್ಮ ಯಂತ್ರ ಇಡಿಸಿಕೊಳ್ಳಲು ಮೊದಲು ಒಪ್ಪಿದವರು ಜವಳಗಿರಿ ಕಡೆಯ ಒಬ್ಬ ರೈತ ಯಜಮಾನರು. ಯಾವುದೋ ಕಾಯಿಲೆಗೆ ಕೊಟ್ಟ ಇಂಜೆಕ್ಷನ್ನಿನಿಂದ ಅವರ ಎರಡೂ ಒಳಕಿವಿ ಕೆಟ್ಟಿದ್ದವು. ಹಗಲಲ್ಲಿ ಕಣ್ಣಿನ ಆಸರೆಯಿಂದ ಹೇಗೋ ನಡೆಯುವರು, ಮಬ್ಬಾಯಿತೆಂದರೆ ತೂರಾಟ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದವರಿಗೆ ಊರಲ್ಲೆಲ್ಲ ಕುಡುಕನೆಂಬ ಹೆಸರು.

"ಸಂಜೆ ಹೊತ್ನಾಗೆ ರಾಗಿ ಹೊಲದ ಬದುವಿನ ಮೇಲೆ ನೆಟ್ಗೆ ನಡೀಬೇಕು ಕಣವ್ವ. ಊರೋರೆಲ್ಲಾ ನೋಡ್ಬೇಕು. ಅಷ್ಟೇ ನನ್ನಾಸೆ" ಎಂದರು.

ಪಕ್ಕದಲ್ಲಿದ್ದ ಅವರ ಹೆಂಡತಿ, "ಕುಡಿದಿದ್ರೆ ಬೆಳಗಾಗೋ ಹೊತ್ಗೆ ಇಳಿದಿರೋದು. ಈವಯ್ಯಂದು ಇಳಿಯಾಕೇ ಇಲ್ಲ!" ಎಂದರು.

ಬಾಣ ಮತ್ತು ಬೊಟ್ಟು

ಆಪರೇಷನ್ ಆಯಿತು. ಕಿವಿಯ ಹಿಂದೆ ಹೊರಗಡೆ ಅಂಟಿಕೊಳ್ಳುವ ಒಂದು ಬಿಲ್ಲೆಯಿದೆ. ತಲೆ ಯಾವ ಕಡೆ ತಿರುಗಿತೆಂದು ಒಳಗಿನ ತಂತಿಗೆ ತಿಳಿಸುವುದು ಅದೇ. ಯಾವ ಕಡೆ ಮೇಲೆಂದು ತೋರಿಸಲು ಅದಕ್ಕೆ ಬಾಣದ ಗುರುತು ಹಾಕಿದ್ದೆವು. ಕೆಲವು ವಾರಗಳ ಅಭ್ಯಾಸದ ನಂತರ ಯಜಮಾನರು ಕಣ್ಣು ಮುಚ್ಚಿ ನಿಂತರು. ಅಲುಗಾಡಲಿಲ್ಲ! ಶೆಡ್ಡಿನಲ್ಲಿ ನಾವೇ ಕುಣಿದಾಡಿ ತೂರಾಡಿದೆವು.

ಆಯುಧಪೂಜೆಯ ಮರುದಿನ ಫೋನು. "ಎಡಕ್ಕೆ ತಿರುಗಿದ್ರೆ ಬಲಕ್ಕೆ ಹೋದಂಗಾಯ್ತದೆ ಕಣವ್ವ! ತಿಪ್ಪೆ ಮೇಲೆ ಹೋಗಿ ಕುಂತ್ಕಂಡೆ!"

ಎದ್ದೆವೋ ಬಿದ್ದೆವೋ ಎಂದು ಓಡಿದೆವು. ನೋಡಿದರೆ, ಟ್ರಾಕ್ಟರು, ಪಂಪ್‌ಸೆಟ್ಟಿನ ಜೊತೆ ಬಿಲ್ಲೆಗೂ ಪೂಜೆಯಾಗಿದೆ! ಬಾಣದ ಮೇಲೆ ದಪ್ಪಗೆ ಅರಿಶಿನ, ಕುಂಕುಮ. ಗುರುತು ಕಾಣದೆ ಬಿಲ್ಲೆಯನ್ನು ತಲೆಕೆಳಗಾಗಿ ಅಂಟಿಸಿಕೊಂಡಿದ್ದಾರೆ.

ಒರೆಸಹೋದರೆ ಅವರ ಹೆಂಡತಿ ಕೈ ಹಿಡಿದರು. "ಮಿಷನ್ ಮುನಿಸ್ಕೊಂತದೆ!"

ಕೊನೆಗೆ ರಾಜಿಯಾಯಿತು: ಮೇಲಿನ ಅಂಚಿಗೆ ಮಾತ್ರ ಕುಂಕುಮ. ಈಗ ನಮ್ಮ ಡ್ರಾಯಿಂಗಿನಲ್ಲಿ ಬಾಣವೇ ಇಲ್ಲ, ಕೆಂಪು ಬೊಟ್ಟಿದೆ.

ಬದುವಿನ ಮೇಲೆ

ಒಂದು ಸಂಜೆ ಯಜಮಾನರು ಬದುವಿನ ಮೇಲೆ ನಡೆದೇಬಿಟ್ಟರು. ಮಬ್ಬುಗತ್ತಲು, ಒಂಟಿಯಾಗಿ, ಕೋಲಿಲ್ಲದೆ! ಊರಿಗೆ ಊರೇ ನೋಡಿತು. ನಾನು ಅತ್ತುಬಿಟ್ಟೆ.

ಸೋಮವಾರ ಬಂದರೆ ಶೆಡ್ಡಿನ ಮುಂದೆ ಜಾತ್ರೆ. ಆ ಊರಿನ ಹೆಂಗಸರೆಲ್ಲ ಗಂಡಂದಿರ ರಟ್ಟೆ ಹಿಡಿದು ನಿಂತಿದ್ದಾರೆ.

"ತಾಯಿ, ಆ ವಯ್ಯನ್ಗೆ ಕುಡ್ತ ಬಿಡ್ಸಿದ್ರಲ್ಲಾ, ನಮ್ಮೋನ್ಗೂ ಆ ಬಿಲ್ಲೆ ಅಂಟ್ಸಿ ಪುಣ್ಯ ಕಟ್ಕಳಿ!"

ಗುಂಪಿನ ಹಿಂದೆ ಯಜಮಾನರು ಕಂಬದಂತೆ ನೆಟ್ಟಗೆ ನಿಂತು ಹಣೆ ಚಚ್ಚಿಕೊಳ್ಳುತ್ತಿದ್ದರು.

"ಎಷ್ಟು ಹೇಳಿದ್ರೂ ನಂಬಾಕಿಲ್ಲ ಕಣವ್ವ. ಹಿಡೀದೇ ಇದ್ದುದ್ನ ಬಿಟ್ಟೋನು ಈ ಸೀಮೇಲೆಲ್ಲಾ ನಾನೊಬ್ನೇ!"