ಎಪ್ಪತ್ತಕ್ಕೆ ಎಷ್ಟು?

"ಇವತ್ತು ಎಪ್ಪತ್ತು ಕೊಡದೆ ಮನೆಗೆ ಬಂದ್ರೆ ನನ್ನ ಹೆಸರೇ ಬದಲಾಯಿಸಿ" ಎಂದು ಭೂತಗನ್ನಡಿ ಬೆಳಗ್ಗೆ ಎದ್ದವನೇ ಕನ್ನಡಿಯ ಮುಂದೆ ನಿಂತು ಶಪಥ ಮಾಡಿದ. ಕೇಳಿಸಿಕೊಳ್ಳಲು ಮನೆಯಲ್ಲಿದ್ದದ್ದು ಆ ಕನ್ನಡಿಯೊಂದೇ. ಹೆಸರನ್ನಂತೂ ಆಫೀಸಿನವರು ಯಾವತ್ತೋ ಭೂತಗನ್ನಡಿ ಎಂದು ಬದಲಾಯಿಸಿ ಆಗಿತ್ತು.

ಅವನ ಕೆಲಸ ನಾಣ್ಯಗಳಿಗೆ ಅಂಕ ಹಾಕುವುದು. ತರಕಾರಿಯವನಿಗೆ ಎಣಿಸಿಕೊಡುವ ನಾಣ್ಯವಲ್ಲ ಮತ್ತೆ. ಟಂಕಸಾಲೆಯಿಂದ ಹೊರಬಿದ್ದು, ಯಾರ ಜೇಬನ್ನೂ ಕಾಣದೆ, ನೇರವಾಗಿ ಸಂಗ್ರಹಕಾರರ ಬೀರು ಸೇರುವ ಹೊಸ ಬೆಳ್ಳಿ ನಾಣ್ಯ. ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಬಿದ್ದ ಮೇಲೆ ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಹರಾಜಿಗೆ ಬಿಡುತ್ತಾರೆ. ಅರವತ್ತೊಂಬತ್ತಕ್ಕೂ ಎಪ್ಪತ್ತಕ್ಕೂ ನಡುವೆ ಇರುವುದು ಒಂದು ಕೂದಲೆಳೆ. ಆದರೆ ಹರಾಜಿನಲ್ಲಿ ಆ ಕೂದಲೆಳೆಯ ಬೆಲೆ ಒಂದು ಸ್ಕೂಟರು! ಅರವತ್ತೊಂಬತ್ತರ ನಾಣ್ಯ ಬೆಳ್ಳಿಯ ಬೆಲೆಯ ಮೇಲೆ ಒಂದು ಕಾಫಿಗಾಗುವಷ್ಟು ತಂದರೆ ಅದೇ ದೊಡ್ಡದು.

ಇಷ್ಟು ವರ್ಷಗಳಲ್ಲಿ ಭೂತಗನ್ನಡಿ ಒಂದೇ ಒಂದು ನಾಣ್ಯಕ್ಕೂ ಎಪ್ಪತ್ತು ಕೊಟ್ಟವನಲ್ಲ. ಎಂಥ ನಾಣ್ಯ ಬರಲಿ, ದೀಪದ ಕೆಳಗೆ ಹಿಡಿದು, ಓರೆ ಮಾಡಿ, ತಿರುಗಿಸಿ, ಎಲ್ಲೋ ಒಂದು ಗೀರನ್ನು ಹುಡುಕಿಯೇ ತೀರುತ್ತಿದ್ದ. ಸಂಜೆ ಹರಾಜಿನ ಬೆಲೆಗಳನ್ನು ಓದಿ, ಇವತ್ತು ನನ್ನಿಂದ ಇಬ್ಬರಿಗೆ ಸ್ಕೂಟರು ತಪ್ಪಿತು ಎಂದು ಹೆಂಡತಿಗೆ ಹೆಮ್ಮೆಯಿಂದ ವರದಿ ಒಪ್ಪಿಸುತ್ತಿದ್ದ.

ಆಫೀಸಿನ ದೀಪವನ್ನೇನೋ ಆರಿಸಿ ಬರುತ್ತಿದ್ದ. ಕಣ್ಣನ್ನು ಆರಿಸುವುದು ಅವನಿಂದ ಆಗುತ್ತಿರಲಿಲ್ಲ. ಹೆಂಡತಿಯದು ಕಿಟಕಿ ಪರದೆ ಹೊಲಿಯುವುದರಲ್ಲಿ ಪಳಗಿದ ಕೈ. ಊರವರ ಕಿಟಕಿಗಳನ್ನೆಲ್ಲ ಮುಚ್ಚಿದ ಮೇಲೆ, ಒಂದು ದಿನ ಸ್ವಂತ ಮನೆಗೆಂದು ನೀಲಿ ಪರದೆ ಹೊಲಿದು, ತೂಗುಹಾಕಿ, ಹೇಗಿದೆ ರೀ ಎಂದು ಕೇಳಿದಳು. ಇವನು ಕುರ್ಚಿ ಹತ್ತಿ, ಅಂಚು ಮಗುಚಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, "ಅರವತ್ತಾರು" ಎಂದ. ಅಂಚಿನ ಹಿಂಬದಿಯಲ್ಲಿ ಒಂದು ಹೊಲಿಗೆ ತಪ್ಪಿತ್ತಂತೆ.

ಅವಳು ಕೂಗಾಡಲಿಲ್ಲ. ಬಟ್ಟೆ ತುಂಬಿಕೊಂಡು ಊರಿನ ಆ ತುದಿಯಲ್ಲಿದ್ದ ಅಕ್ಕನ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಪ್ರಪಂಚದಲ್ಲಿ ಯಾವುದಾದ್ರೂ ಒಂದಕ್ಕೆ ಎಪ್ಪತ್ತು ಕೊಟ್ಟ ದಿನ ಫೋನ್ ಮಾಡಿ, ಬರ್ತೀನಿ. ಅಲ್ಲೀವರೆಗೂ ಬೇಡ."

ಮೊದಮೊದಲು ಹಾಯೆನಿಸಿತು. ಆಮೇಲೆ ತಾನೇ ಮಾಡಿದ ಆಮ್ಲೆಟ್ಟಿಗೆ ತಾನೇ ಮೂವತ್ತೆರಡು ಹಾಕಿ, ಅದನ್ನೇ ತಿಂದ. ನಲ್ಲಿ ತೊಟ್ಟಿಕ್ಕಿದರೆ ಯಾರೋ ಕರೆದಂತಾಗಿ "ಬಂದೆ" ಎನ್ನುವ ಅಭ್ಯಾಸ ಅಂಟಿಕೊಂಡಿತು. ಹಾಸಿಗೆಯ ಒಂದು ಪಕ್ಕ ಮಾತ್ರ ಸುಕ್ಕಾಗುತ್ತಿತ್ತು. ಇನ್ನೊಂದು ಪಕ್ಕ ಈಗಷ್ಟೇ ಟಂಕಸಾಲೆಯಿಂದ ಬಂದಂತೆ, ಒಂದು ಗೆರೆಯೂ ಇಲ್ಲದೆ ನುಣ್ಣಗಿತ್ತು. ನಿಜ ಹೇಳಬೇಕೆಂದರೆ ಮನೆಯಲ್ಲಿ ಎಪ್ಪತ್ತಕ್ಕೆ ಎಪ್ಪತ್ತು ಕೊಡಬಹುದಾದ ವಸ್ತು ಅದೊಂದೇ. ಅದನ್ನು ಫೋನಿನಲ್ಲಿ ಹೇಳುವ ಧೈರ್ಯ ಅವನಿಗಾಗಲಿಲ್ಲ.

ಹೀಗಾಗಿ ಆ ಬೆಳಗಿನ ಶಪಥ. ಆದರೆ ಆಫೀಸಿನಲ್ಲಿ ಕೂತರೆ ಬೆರಳು ಮಾತು ಕೇಳಬೇಕಲ್ಲ? ಮನಸ್ಸು ಎಪ್ಪತ್ತು ಎನ್ನುತ್ತಿತ್ತು, ಬೆರಳು ಅರವತ್ತೊಂಬತ್ತನ್ನೇ ಒತ್ತುತ್ತಿತ್ತು. ಮಧ್ಯಾಹ್ನ ಕಳೆಯಿತು. ಕೊನೆಗೊಂದು ನಾಣ್ಯ ಬಂತು. ಎಲ್ಲ ಸರಿಯಿತ್ತು, ಕೊಕ್ಕಿನಂಥದ್ದೇನೋ ಒಂದರ ಕೆಳಗೆ ಮಾತ್ರ ರೆಪ್ಪೆಗೂದಲಿನಷ್ಟು ಸಣ್ಣ ಗೀರು. ಭೂತಗನ್ನಡಿ ಮಸೂರ ಕೆಳಗಿಟ್ಟ. ಕನ್ನಡಕವನ್ನೂ ತೆಗೆದ. ನಾಣ್ಯವನ್ನು ತೋಳುದ್ದ ದೂರ ಹಿಡಿದ. ಗೀರು ಮಾಯವಾಗಿ, ರೆಕ್ಕೆ ಬಿಚ್ಚಿದ ಹಕ್ಕಿಯೊಂದು ಕಂಡಿತು. ಇಂಥ ನಾಣ್ಯಗಳನ್ನು ರಾಶಿಗಟ್ಟಲೆ ನೋಡಿದ್ದ ಮಹಾಶಯನಿಗೆ ಅದರ ಮೇಲೆ ಹಕ್ಕಿಯಿದೆ ಎಂದು ಗೊತ್ತಾದದ್ದು ಅವತ್ತೇ! ಕಣ್ಣು ಮುಚ್ಚಿಕೊಂಡು ಎಪ್ಪತ್ತು ಒತ್ತಿಬಿಟ್ಟ.

ತಮ್ಮ ಕಂಪ್ಯೂಟರಿನಲ್ಲಿ ಆ ಅಂಕ ಕಂಡ ಆಫೀಸಿನ ಮುಖ್ಯಸ್ಥೆ ಮೇಡಂ ಗಾಬರಿಯಾಗಿ ಓಡಿಬಂದು, ಜ್ವರ ಏನಾದರೂ ಇದೆಯೇ ಎಂದು ವಿಚಾರಿಸಿದರು. ಇಲ್ಲವೆಂದು ತಿಳಿದ ಮೇಲೆ ಆ ನಾಣ್ಯವನ್ನು ತಟ್ಟೆಯಲ್ಲಿಟ್ಟು ಆಫೀಸಿಗೆಲ್ಲ ತೋರಿಸಿದರು. ಒಂದು ನಾಣ್ಯವನ್ನು ಮೂವರು ಬೇರೆಬೇರೆಯಾಗಿ, ಒಬ್ಬರಿಗೊಬ್ಬರು ಹೇಳದೆ ನೋಡಬೇಕೆಂಬ ನಿಯಮ ತಟ್ಟೆಯ ಮೆರವಣಿಗೆಯಲ್ಲೇ ಮುರಿದಿತ್ತು. ಉಳಿದಿಬ್ಬರಿಗೂ ಗೀರು ಕಂಡಿತ್ತು. ಆದರೆ ಭೂತಗನ್ನಡಿಗೇ ಕಾಣದ ದೋಷ ತಮಗೆ ಕಂಡರೆ ಕಣ್ಣಾಸ್ಪತ್ರೆಗೆ ಹೋಗಬೇಕಾದವರು ತಾವೇ ಎಂದುಕೊಂಡು, ಇಬ್ಬರೂ ತೆಪ್ಪಗೆ ಎಪ್ಪತ್ತು ಹಾಕಿದರು.

ಅವತ್ತೇ ಫೋನ್ ಮಾಡಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೆಂಡತಿಗೆ ಬರೀ ಅಂಕ ಹೇಳಿದರೆ ಏನು ಚೆಂದ, ಹರಾಜಿನ ಬೆಲೆಯನ್ನೂ ಸೇರಿಸಿ ಹೇಳೋಣ ಎಂದು ಇವನು ಕಾದ. ಕೊಡದವನು ಕೊಟ್ಟ ಎಪ್ಪತ್ತು ಎಂಬ ಸುದ್ದಿ ಸಂಗ್ರಹಕಾರರ ಕಿವಿಗೂ ಬಿದ್ದಿತ್ತು. ಹರಾಜಿನ ದಿನ ಬೆಲೆ ಸ್ಕೂಟರನ್ನು ದಾಟಿ, ಕಾರಿನ ಬಾಗಿಲು ತಟ್ಟಿತು. ಭೂತಗನ್ನಡಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫೋನ್ ಎತ್ತಿಕೊಂಡ. ಅಷ್ಟರಲ್ಲಿ ಅದೇ ಬಡಿದುಕೊಂಡಿತು.

ಮೇಡಂ. ಕೊಂಡವರು ಹರಾಜಿನ ಕೌಂಟರಿನಲ್ಲೇ ಮಸೂರ ಹಿಡಿದು ಗೀರನ್ನು ಹಿಡಿದಿದ್ದರು. ಅಂಕ ತಪ್ಪಿದರೆ ಕಂಪನಿಯೇ ದುಡ್ಡು ಕಟ್ಟಿಕೊಡಬೇಕೆಂಬುದು ಷರತ್ತು. ನಾಳೆಯಿಂದ ಡಬ್ಬಿಗಳಿಗೆ ಚೀಟಿ ಅಂಟಿಸುವ ಮೇಜಿಗೆ ಹೋಗಿ ಎಂದರು ಮೇಡಂ. "ಬೇರೆ ಯಾರಾದ್ರೂ ಆಗಿದ್ರೆ ಬೈತಿದ್ದೆ. ನಿಮ್ಮನ್ನ ಬೈದು ನಂಗೆ ಅಭ್ಯಾಸ ಇಲ್ಲ" ಎಂದು ಫೋನ್ ಇಟ್ಟರು.

ಇಸ್ತ್ರಿಯ ಅಂಗಿಯಲ್ಲೇ ಅವನು ಸ್ವಲ್ಪ ಹೊತ್ತು ಕೂತಿದ್ದ. ನಲ್ಲಿ ತೊಟ್ಟಿಕ್ಕಿತು. "ಬಂದೆ" ಎಂದ. ಆಮೇಲೆ ಹೆಂಡತಿಗೆ ಫೋನ್ ಮಾಡಿದ.

"ಎಪ್ಪತ್ತು ಕೊಟ್ಟೆ ಕಣೇ."

"ಯಾವುದಕ್ಕೆ?"

"ಒಂದು ಬೆಳ್ಳಿ ನಾಣ್ಯಕ್ಕೆ. ಅದರಲ್ಲಿ ಹಕ್ಕಿ ಇತ್ತು."

"ಒಂದೂ ಗೀರು ಇರ್ಲಿಲ್ವಾ?"

ಸುಳ್ಳು ಹೇಳಬಹುದಿತ್ತು. "ಇತ್ತು. ಗೊತ್ತಿದ್ದೂ ಕೊಟ್ಟೆ. ನಾಳೆಯಿಂದ ಚೀಟಿ ಅಂಟಿಸೋ ಕೆಲಸ" ಎಂದ.

ಅವಳು ನಗುತ್ತಾಳೆ ಎಂದುಕೊಂಡಿದ್ದ. ನಗಲಿಲ್ಲ. "ಗೊತ್ತಿದ್ದೂ ಕೊಟ್ರಾ" ಎಂದಳು, ತನಗೆ ತಾನೇ ಹೇಳಿಕೊಂಡಂತೆ. ಆಮೇಲೆ ಬಹಳ ಮೆತ್ತಗೆ, "ಹಾಗಾದ್ರೆ ಈಗ ಹೇಳಿ. ನನ್ನ ಪರದೆಗೆ ಎಷ್ಟು?"

ಕಲಿತ ವಿದ್ಯೆ ಕೈಯಲ್ಲೇ ಇತ್ತು. ಭೂತಗನ್ನಡಿ ಕನ್ನಡಕ ತೆಗೆದ. ಕಿಟಕಿಯ ತುಂಬ ನೀಲಿ, ಗಾಳಿಗೆ ಸುಮ್ಮನೆ ಅಲುಗುವ ನೀಲಿ.

"ಎಪ್ಪತ್ತು" ಎಂದ.

"ಕನ್ನಡಕ ತೆಗ್ದು ಹೇಳ್ತಿದ್ದೀರಾ?"

"ಹೂಂ."

"ಹಾಕ್ಕೊಂಡು ಹೇಳಿ."

ಹಾಕಿಕೊಂಡ. ಕುರ್ಚಿ ಹತ್ತಿದ. ಅಂಚು ಮಗುಚಿದ. ತಪ್ಪಿದ ಹೊಲಿಗೆ ಎಲ್ಲಿಗೂ ಹೋಗದೆ ಅಲ್ಲೇ ಕಾದಿತ್ತು. ಎಪ್ಪತ್ತು ಎನ್ನಲು ಹೊರಟ ನಾಲಿಗೆ ಅರ್ಧ ದಾರಿಯಲ್ಲಿ ಹಳೆಯ ಜಾಡು ಹಿಡಿಯಿತು.

"ಅರವತ್ತೊಂಬತ್ತು."

ಬಾಯಿಂದ ಬಿದ್ದ ಮೇಲೆ ಅವನಿಗೇ ಕೇಳಿಸಿತು.

"ಅಂದ್ರೆ ನಾನು ಆ ಹಕ್ಕಿಗಿಂತ ಒಂದು ಕಮ್ಮಿ" ಎಂದಳು ಹೆಂಡತಿ.

"ನೀನೇ ಅಲ್ವೇನೇ ಕನ್ನಡಕ ಹಾಕ್ಕೊಳ್ಳಿ ಅಂದಿದ್ದು?"

"ಅಂದೆ. ಮದುವೆ ಆದಾಗಿಂದ ನಾನು ಹೇಳಿದ ಒಂದು ಮಾತೂ ಕೇಳಿದವರಲ್ಲ. ಕೇಳೋಕೆ ಇವತ್ತೇ ಶುರು ಮಾಡ್ಬೇಕಿತ್ತಾ?"

ಹಾಗೆಂದವಳು ಫೋನ್ ಮಾತ್ರ ಇಡಲಿಲ್ಲ. ಅವಳು ಉಸಿರಾಡುವುದು ಕೇಳಿಸುತ್ತಿತ್ತು. ಒಂದು ಕೈಯಲ್ಲಿ ಪರದೆಯ ಅಂಚು, ಇನ್ನೊಂದು ಕೈಯಲ್ಲಿ ಫೋನು, ಇಳಿಯಲು ಹೋದರೆ ಎಲ್ಲಿ ಕಟ್ಟಾಗಿಬಿಡುತ್ತದೋ ಎಂದು ಹೆದರಿ, ಅವನು ಕುರ್ಚಿಯ ಮೇಲೆ ನಿಂತೇ ಇದ್ದ.