ಗಾಲಿಕುರ್ಚಿಗೆ ಒಂದೇ ಜಾಗ

ಹೊಸ ಬಸ್ಸಿನಲ್ಲಿ ಎಲ್ಲವೂ ಇತ್ತು, ಸಾಮಾನು ಇಡಲು ಜಾಗವೊಂದು ಬಿಟ್ಟು. ಸೀಟುಗಳನ್ನು ಜಗಲಿಯಂತೆ ಎತ್ತರಿಸಿ ಅಡಿಯಲ್ಲೆಲ್ಲ ಬ್ಯಾಟರಿ ತುಂಬಿದ್ದರು. ತಲೆಯ ಮೇಲಿನ ಹಲಗೆಯಲ್ಲಿ ಒಂದು ಕೊಡೆ ಮಲಗಬಹುದಿತ್ತು, ಅದೂ ಮಗ್ಗುಲು ಬದಲಿಸದಿದ್ದರೆ.

ಗಡಿಯಾರ ರಿಪೇರಿಯವನು ಪಕ್ಕದ ಮನೆಯಿಂದ ಕೇಳಿ ತಂದ ಗಾಲಿಕುರ್ಚಿಯನ್ನು ಒಳಗೆ ಎಳೆದುಕೊಂಡು ಏದುಸಿರು ಬಿಡುತ್ತ ನಿಂತ. ಕೀಲು ತುಕ್ಕು ಹಿಡಿದಿದ್ದರಿಂದ ಅದನ್ನು ಮಡಚಲು ಬರುತ್ತಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಮಾವನ ಬಲಗಾಲು ತೆಗೆದಿದ್ದರು. ಇವತ್ತು ಮನೆಗೆ ಕರೆತರಬೇಕಿತ್ತು. "ನಿನ್ನ ಗಂಡ ಬರೋದಿಲ್ಲ ಬಿಡು" ಎಂದು ಮಾವ ಬೆಳಗ್ಗೆಯೇ ಮಗಳಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಗಡಿಯಾರದ ಕೆಲಸದವನಾಗಿಯೂ ತನ್ನ ಮದುವೆಗೇ ತಡವಾಗಿ ಬಂದ ಅಳಿಯನ ಮೇಲೆ ಅವರಿಗೆ ಅಂದಿನಿಂದಲೂ ನಂಬಿಕೆಯಿರಲಿಲ್ಲ.

"ಇದು ಲಗೇಜು. ಜಾಗ ಇಲ್ಲ, ಇಳಿಸಿ" ಎಂದ ಕಂಡಕ್ಟರ್.

"ಅಲ್ಲಿ ಗಾಲಿಕುರ್ಚಿ ಚಿತ್ರ ಇದೆಯಲ್ಲ ಸಾರ್?"

"ಅದು ಜನ ಕೂತಿರೋ ಕುರ್ಚಿಗೆ. ಖಾಲಿದಕ್ಕಲ್ಲ." ಕಂಡಕ್ಟರ್ ಬಸ್ಸಿನಲ್ಲಿ ಬೇರೆ ಯಾರೂ ಇಲ್ಲದ್ದನ್ನು ನೋಡಿ ದನಿ ತಗ್ಗಿಸಿದ. "ನೀವೇ ಕೂತ್ಕೊಂಡ್ಬಿಡಿ. ಆಗ ಲಗೇಜಲ್ಲ."

ಅವನು ಕೂತ. ಕಂಡಕ್ಟರ್ ಅವನ ಸೊಂಟಕ್ಕೆ ಪಟ್ಟಿ ಬಿಗಿದು ಹೋದ.

ಮುಂದಿನ ಸ್ಟಾಪಿನಲ್ಲಿ ಬಸ್ಸು ತುಂಬಿತು. ಹೊಲಿಗೆ ಯಂತ್ರವನ್ನು ಎಲ್ಲೂ ಇಡಲಾಗದೆ ತೊಡೆಯ ಮೇಲೇ ಕೂರಿಸಿಕೊಂಡ ದರ್ಜಿಯೊಬ್ಬ ಪಕ್ಕದಲ್ಲಿ ನರಳುತ್ತಿದ್ದ. ಕೆಲಸದಿಂದ ನಿವೃತ್ತರಾದ ನರ್ಸಮ್ಮ ಒಬ್ಬರು ಎದುರಿಗೆ ಕೂತರು.

"ಏನಾಯ್ತಪ್ಪ ಕಾಲಿಗೆ?"

ನಿಂತವರೆಲ್ಲ ಅವನ ಕಾಲನ್ನೇ ನೋಡಿದರು. ಇಷ್ಟು ಜಾಗ ಹಿಡಿದು ಕೂತವನು ಏನೂ ಆಗಿಲ್ಲ ಎಂದರೆ ಸುಮ್ಮನೆ ಬಿಡುವ ಮುಖಗಳಾಗಿರಲಿಲ್ಲ.

"ಲಾರಿ" ಎಂದ.

"ಎರಡಕ್ಕೂ?"

ತಲೆಯಾಡಿಸಿದ. ಬಸ್ಸಿಗೆ ಬಸ್ಸೇ ಲೊಚಗುಟ್ಟಿತು. ನರ್ಸಮ್ಮ ತಮ್ಮ ಶಾಲು ತೆಗೆದು ಅವನ ಮೊಣಕಾಲಿಗೆ ಹೊದಿಸಿದರು. "ನನ್ನ ತೊಡೆ ನೋವು ನೋವೇ ಅಲ್ಲ ಅಣ್ಣಾ" ಎಂದು ದರ್ಜಿ ಕಣ್ಣೊರೆಸಿಕೊಂಡ.

"ಎಲ್ಲಿಗೆ ಹೊರಟಿದ್ದು?" ಎಂದರು ನರ್ಸಮ್ಮ.

"ದೊಡ್ಡಾಸ್ಪತ್ರೆಗೆ."

"ಅಯ್ಯೋ! ಅಲ್ಲಿಗೆ ಹೋದ ಕಾಲು ವಾಪಸ್ ಬಂದಿದ್ದುಂಟಾ? ಕತ್ತರಿಸಿಯೇ ಕಳಿಸ್ತಾರೆ. ನಾನು ಕೆಲಸ ಮಾಡಿದ ಮೂಳೆ ಆಸ್ಪತ್ರೆ ಮುಂದಿದೆ, ನಾನೇ ಕರ್ಕೊಂಡು ಹೋಗ್ತೀನಿ."

"ಬೇಡಮ್ಮ, ನಾನಲ್ಲೇ ಇಳೀಬೇಕು."

"ಹೆದರ್ಕೋಬೇಡ ಮಗಾ."

ದೊಡ್ಡಾಸ್ಪತ್ರೆಯ ಸ್ಟಾಪು ಬಂತು. ಅವನು ಪಟ್ಟಿಗೆ ಕೈಹಾಕಿದರೆ ನರ್ಸಮ್ಮ ಕೈ ಹಿಡಿದುಕೊಂಡರು.

"ಬಿಡಿ, ನನ್ನ ಕಾಲು ಸರಿಯಾಗಿಯೇ ಇದೆ! ಸುಳ್ಳು ಹೇಳಿದೆ! ಬೇಕಾದ್ರೆ ನೋಡಿ!" ಎಂದು ಎರಡೂ ಕಾಲು ಝಾಡಿಸಿದ.

"ನರ ಸೆಳೀತಿದೆ! ಹಿಡ್ಕೊಳ್ಳಿ!" ಎಂದು ನರ್ಸಮ್ಮ ಕೂಗಿದರು.

ದರ್ಜಿ ಯಂತ್ರವನ್ನು ಯಾರದೋ ತೊಡೆಗೆ ದಾಟಿಸಿ ಅವನ ಮೊಣಕಾಲಿನ ಮೇಲೆ ಬಿದ್ದ. ನಿಜ ಗೊತ್ತಿದ್ದ ಕಂಡಕ್ಟರ್ ಅತ್ತ ತಿರುಗಿಯೂ ನೋಡಲಿಲ್ಲ. ಬಾಗಿಲಲ್ಲಿ ಯಾರೊಂದಿಗೋ ಅವನ ಜಗಳ ನಡೆದಿತ್ತು.

"ಹೊತ್ತಾಯ್ತು ಅಂತ ಹಾಸಿಗೆ ಖಾಲಿ ಮಾಡಿಸಿದ್ರು ಸಾರ್, ಕರ್ಕೊಂಡು ಹೋಗೋಕೆ ಯಾರೂ ಬರಲಿಲ್ಲ. ಈ ಬಸ್ಸು ಊರೆಲ್ಲ ಸುತ್ತಿ ಇವರ ಮನೆ ಕಡೆ ಹೋಗುತ್ತಲ್ಲ, ಹತ್ತಿಸ್ಕೊಳ್ಳಿ" ಎನ್ನುತ್ತಿದ್ದ ವಾರ್ಡಿನ ಆಳು.

"ಗಾಲಿಕುರ್ಚಿಗೆ ಒಂದೇ ಜಾಗ ಇರೋದು, ತುಂಬಿದೆ. ಮುಂದಿನ ಬಸ್ಸಿಗೆ ಬನ್ನಿ. ರೈಟ್!"

ಬಾಗಿಲು ಮುಚ್ಚಿತು. ಗಾಜಿನಾಚೆ ಆಸ್ಪತ್ರೆಯ ಕುರ್ಚಿಯಲ್ಲಿ ಒಂಟಿ ಕಾಲು ಚಾಚಿಕೊಂಡು ಮಾವ ಕೂತಿದ್ದರು.

"ಮಾವಾ!" ಎಂದು ಅವನು ಕಿರುಚಿದ.

ಮಾವನ ನೋಟ ಅಳಿಯನ ಮುಖದಿಂದ ಶಾಲಿಗೆ, ಶಾಲಿನಿಂದ ಗಾಲಿಗೆ ಇಳಿಯಿತು. ಅವರ ಬಾಯಿ ಅರ್ಧ ತೆರೆದು ಹಾಗೇ ನಿಂತಿತು. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬಸ್ಸು ಹೊರಟಿತು.

ಅವನು ನೋವಿಗೆ ಕೂಗಿದ್ದೆಂದುಕೊಂಡ ನರ್ಸಮ್ಮ ಅವನ ಹಣೆಯ ಬೆವರು ಒರೆಸುತ್ತ ಹೇಳಿದರು: "ನೋಡಪ್ಪ, ತನಗೇ ಕಾಲಿಲ್ಲ, ಆದ್ರೂ ನಿನ್ನ ನೋಡಿ ಅಳ್ತಿದ್ದಾರೆ ಪಾಪ. ಎಂಥಾ ಕರುಳು! ಯಾರ ಮನೆಯವರೋ ಏನೋ, ಬೀದಿಲಿ ಬಿಟ್ಟು ಹೋಗಿದ್ದಾರೆ."