ಪುಸ್ತಕದ 0.69 ಅನ್ನು ನಾನು ತಿದ್ದಿದ್ದು

ಅರವತ್ತರ ದಶಕದಲ್ಲಿ ನಾನು ಚಿನ್ನದ ಗಣಿಯ ವಿದ್ಯುತ್ ಕಾರ್ಯಾಗಾರದಲ್ಲಿ ಕೆಲಸಕ್ಕಿದ್ದೆ. ಅಚ್ಚಾದ ಪುಸ್ತಕವೊಂದನ್ನು ತಿದ್ದಿದ ಗೌರವ ಆಗಲೇ ನನಗೆ ಒದಗಿತು.

ಬಂಗಾರಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಗೆಳೆಯ ಮುನಿಸ್ವಾಮಿಗೆ ಒಂದು ಕಷ್ಟವಿತ್ತು. ಫಿಲಂ ತೊಳೆಯುವಾಗ ಕತ್ತಲಲ್ಲಿ ಗಡಿಯಾರ ಕಾಣದು, ಬಾಯಲ್ಲೇ ಎಣಿಸಬೇಕು. ಸರಿಯಾಗಿ ಐದು ನಿಮಿಷಕ್ಕೆ ಗಂಟೆ ಬಾರಿಸುವ ಯಂತ್ರ ಮಾಡಿಕೊಡುತ್ತೇನೆಂದು ಮಾತು ಕೊಟ್ಟೆ.

ಕೆಲಸ ಸುಲಭ. ರೆಸಿಸ್ಟರ್ ಮೂಲಕ ಹರಿಯುವ ವಿದ್ಯುತ್ತಿನಿಂದ ಕೆಪಾಸಿಟರ್ ನಿಧಾನವಾಗಿ ತುಂಬುತ್ತದೆ. ಅರ್ಧ ತುಂಬಿದಾಗ ಗಂಟೆ! ಅದಕ್ಕೆ ಹಿಡಿಯುವ ಹೊತ್ತು ತಿಳಿಯಲು ಎರಡರ ಬೆಲೆಗಳನ್ನೂ ಗುಣಿಸಿ, ಮತ್ತೆ 0.69ರಿಂದ ಗುಣಿಸಬೇಕೆಂದು ಕಾರ್ಯಾಗಾರದ ಪುಸ್ತಕ ಹೇಳಿತ್ತು. ಈ 0.69 ಎಲ್ಲಿಂದ ಬಂತು? ಕಣ್ಣುಮುಚ್ಚಿ ನಂಬುವ ಪೈಕಿಯೇ ನಾನು? ಎರಡು ಹಾಳೆ ತುಂಬ ಲೆಕ್ಕ ಬಿಡಿಸಿದೆ. ಕೊನೆಗೆ ಬೇಕಾದದ್ದು 2ರ ಲಾಗರಿದಮ್. ಹೈಸ್ಕೂಲಿನ ಲಾಗ್ ಟೇಬಲ್ ತೆಗೆದು ನೋಡಿದರೆ 0.30! ಕೆಂಪು ಪೆನ್ಸಿಲಿನಿಂದ ಪುಸ್ತಕದ 0.69 ಅನ್ನು ಹೊಡೆದುಹಾಕಿದೆ. 0.30ರ ಲೆಕ್ಕದಲ್ಲಿ ಐದು ನಿಮಿಷ ಬರಬೇಕೆಂದು ಎರಡು ಪಟ್ಟಿಗೂ ಮಿಕ್ಕ ಬೆಲೆಯ ಬಿಡಿಭಾಗ ಜೋಡಿಸಿದೆ.

"ಗಡಿಯಾರ ಇಟ್ಕೊಂಡು ಒಂದ್ಸಲ ನೋಡ್ಬಾರ್ದಾ?" ಎಂದಳು ಹೆಂಡತಿ ಲಕ್ಷ್ಮಿ.

"ಗಣಿತಕ್ಕೆ ಗಡಿಯಾರದ ಸಾಕ್ಷಿ ಬೇಕಿಲ್ಲ!"

ಅದೇ ವಾರ ಲಕ್ಷ್ಮಿಯ ತಾಯಿ ಫೋಟೋಕ್ಕೆ ಒಪ್ಪಿದರು. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆಂದು ಜನ್ಮವಿಡೀ ತಪ್ಪಿಸಿಕೊಂಡಿದ್ದವರು, ಮಗಳ ಕಣ್ಣೀರಿಗೆ ಕರಗಿದ್ದರು. ಕಪ್ಪಂಚಿನ ಸೀರೆಯುಟ್ಟು, ಉಸಿರು ಬಿಗಿಹಿಡಿದು ಒಂದೇ ಒಂದು ಸಲ ಕೂತರು. ಎರಡನೆಯದಕ್ಕೆ ಮುನಿಸ್ವಾಮಿ ಬೇಡಿಕೊಂಡರೂ ಕೂರಲಿಲ್ಲ.

ಯಂತ್ರದೊಂದಿಗೆ ನಾನೂ ಡಾರ್ಕ್‌ರೂಮಿಗೆ ನುಗ್ಗಿದೆ. ಗುಂಡಿ ಒತ್ತಿ, ಗಂಟೆಗಾಗಿ ಕಾದೆವು.

"ಸಾರ್, ನಾನು ಮುನ್ನೂರು ಎಣಿಸಿ ಆಯ್ತು," ಎಂದ ಮುನಿಸ್ವಾಮಿ ಕತ್ತಲಲ್ಲಿ.

"ನಿನ್ನ ಎಣಿಕೆ ಅವಸರದ್ದು."

"ಬಾಳಾ ಒತ್ತಾದಂಗೈತೆ ಸಾರ್, ಎತ್ತಿಬಿಡ್ಲಾ?"

"ಗಂಟೆ ಬಾರಿಸುವ ತನಕ ಮುಟ್ಟಬೇಡ!"

ಗಂಟೆ ಬಾರಿಸಿತು. ಎಂಥ ಇಂಪು! ಆಮೇಲೆ ಗಡಿಯಾರ ಹಿಡಿದು ನೋಡಿದಾಗ ತಿಳಿಯಿತು, ಹನ್ನೊಂದೂವರೆ ನಿಮಿಷಕ್ಕೆ!

ದ್ರಾವಣದಲ್ಲಿ ಅಷ್ಟು ಹೊತ್ತು ನೆನೆದ ನೆಗೆಟಿವ್ ದೋಸೆ ಹೆಂಚಿನಷ್ಟು ಕಪ್ಪಾಗಿತ್ತು. ಮುನಿಸ್ವಾಮಿ ಹೆಣಗಿ ತೆಗೆದ ಪ್ರಿಂಟಿನಲ್ಲಿ ಕೂದಲಿತ್ತು, ಸೀರೆಯ ಅಂಚಿತ್ತು. ನಡುವೆ ಮುಖವಿರಬೇಕಾದಲ್ಲಿ ಸುಣ್ಣ ಬಳಿದಂತೆ ಬಿಳುಪು.

ಅತ್ತೆ ಅದನ್ನು ಅತ್ತಿತ್ತ ತಿರುಗಿಸಿ ನೋಡಿದರು. "ನಾನು ಇದ್ರಾಗೆ ಎಲ್ಲಿದೀನಿ ಅಳಿಯಂದ್ರೇ?"

ಲಕ್ಷ್ಮಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಕಾರ್ಯಾಗಾರದ ಮೇಸ್ತ್ರಿ ನನ್ನ ಹಾಳೆಗಳನ್ನು ನೋಡಿ ನಕ್ಕುಬಿಟ್ಟರು. ಹೈಸ್ಕೂಲಿನ ಟೇಬಲ್ಲಿನದು ಹತ್ತನ್ನು ಆಧಾರವಾಗಿಟ್ಟ ಲಾಗು. ಇಲ್ಲಿ ಬೇಕಾದದ್ದು ನ್ಯಾಚುರಲ್ ಲಾಗು ಎಂಬ ಬೇರೆ ಬಗೆಯದು. ನನ್ನ 0.30 ಅನ್ನು 2.3ರಿಂದ ಗುಣಿಸಿದ್ದರೆ ಪುಸ್ತಕದ 0.69 ತಾನಾಗಿ ಬರುತ್ತಿತ್ತು. ಗಡಿಯಾರವೂ ಅದನ್ನೇ ಹೇಳುತ್ತಿತ್ತು, ಮೊದಲೇ ನೋಡಿದ್ದರೆ.

ಅತ್ತೆ ಮತ್ತೆಂದೂ ಕ್ಯಾಮೆರಾದ ಮುಂದೆ ಕೂರಲಿಲ್ಲ. ನಾಲ್ಕು ವರ್ಷಕ್ಕೆ ತೀರಿಕೊಂಡರು. ಪ್ರತಿವರ್ಷ ಅವರ ತಿಥಿಯಂದು ಲಕ್ಷ್ಮಿ ಆ ಫೋಟೋ ಒರೆಸಿ, ಹೂ ಮುಡಿಸಿ, ಬಿಳುಪಿನ ನಡುವೆ ಹಣೆ ಎಲ್ಲಿರಬಹುದೆಂದು ಅಂದಾಜು ಮಾಡಿ ಕುಂಕುಮ ಇಡುತ್ತಾಳೆ. ನನ್ನನ್ನು ಕೇಳುವುದಿಲ್ಲ. ನನ್ನ ಅಂದಾಜು ಅವಳಿಗೆ ಗೊತ್ತು.